ಹಳೆ ಕಾರು ನಡುಗಿದರೆ ಎಂಜಿನ್ ಇಳಿಸುವ ಮೊದಲು…

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ಪ್ರತಿ ವಾರ ತಪ್ಪದೆ ಓದುತ್ತೇನೆ. ಅಲ್ಲಿ ಬರುವುದೆಲ್ಲ ಹೊಸ ಕಾರುಗಳ ಸುದ್ದಿ. ಹಳೆ ಗಾಡಿಯವರಿಗೂ ಸ್ವಲ್ಪ ಜಾಗ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನದು 1997ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಮಗಳನ್ನು ಹೆರಿಗೆಗೆ ರಾತ್ರೋರಾತ್ರಿ ಕರೆದುಕೊಂಡು ಹೋಗಿದ್ದು ಇದರಲ್ಲೇ. ಮಾರಲು ಮನಸ್ಸಿಲ್ಲ. ಕಳೆದ ಮಳೆಗಾಲದಲ್ಲಿ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ನಡುಗಲು ಶುರುವಾಯಿತು. ಬಿ.ಎಚ್. ರಸ್ತೆಯಲ್ಲಿ ಓಡುವಾಗ ಏನೂ ತೊಂದರೆ ಇಲ್ಲ. ನಿಂತರೆ ಸಾಕು, ಸ್ಟೇರಿಂಗು, ಗೇರ್ ರಾಡು, ಕನ್ನಡಿ ಎಲ್ಲ ಅದುರುತ್ತಿದ್ದವು.

ಮೊದಲ ಗ್ಯಾರೇಜಿನಲ್ಲಿ ಮೂರು ಸಿಲಿಂಡರಿನ ಮೂರೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಎರಡನೆಯ ಕಡೆ ಕಾರ್ಬುರೇಟರ್ ತೊಳೆದು, ಐಡಲ್ ಸ್ಕ್ರೂ ತಿರುಗಿಸಿ ರೇಸ್ (ಎಂಜಿನ್ ತಿರುಗುವ ವೇಗ) ಏರಿಸಿದರು. ನಡುಕ ಕಡಿಮೆಯಾದಂತೆ ಕಂಡಿತು. ಆದರೆ ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೂ ಗಾಡಿ ಮುಂದಕ್ಕೆ ತಳ್ಳುತ್ತಿತ್ತು, ಪೆಟ್ರೋಲೂ ಜಾಸ್ತಿ ಕುಡಿಯಿತು. ಮತ್ತೆ ಹೋದಾಗ 'ಎಂಜಿನ್ ಇಳಿಸಬೇಕು ಸರ್, ಇಲ್ಲಾಂದ್ರೆ ಗುಜರಿಗೆ ಹಾಕಿಬಿಡಿ' ಎಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ನೋಡಿದ್ದು ತೆಂಗಿನ ತೋಟದ ಪಕ್ಕ ಶೆಡ್ ಹಾಕಿಕೊಂಡಿರುವ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಮೊದಲು ಸುಮ್ನೆ ನಿಂತು ಶಬ್ದ ಕೇಳಿದರು. ಆಮೇಲೆ ಎಂಜಿನ್ ಓಡುತ್ತಿರುವಾಗಲೇ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದರು. (ಇದನ್ನು ಬರಿಗೈಯಲ್ಲಿ ಯಾರೂ ಮಾಡಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ.) ಯಾವ ವೈರು ಎಳೆದರೂ ಎಂಜಿನ್ ಒಂದೇ ಸಮ ಕುಗ್ಗಿತು. 'ಮೂರು ಸಿಲಿಂಡರೂ ಕೆಲಸ ಮಾಡ್ತಿವೆ ಮೇಷ್ಟ್ರೇ. ತೊಂದರೆ ಮೂರಕ್ಕೂ ಸೇರಿದ್ದು. ಎಲ್ಲೋ ಗಾಳಿ ಎಳೀತಿದೆ' ಎಂದರು. ಕಾರ್ಬುರೇಟರ್ ಕೆಳಗೆ, ಸಿಲಿಂಡರುಗಳಿಗೆ ಪೆಟ್ರೋಲ್-ಗಾಳಿ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿದ್ದ ಸಣ್ಣ ರಬ್ಬರ್ ಪೈಪು ಬಿಸಿಗೆ ಒಣಗಿ ಸೀಳಿತ್ತು. ಸೀಳಿನ ಮೇಲೆ ಹೆಬ್ಬೆರಳು ಒತ್ತಿದರು. ಎಂಜಿನ್ ತಕ್ಷಣ ಸಮವಾಯಿತು. ನನ್ನ ಕಣ್ಣು ತುಂಬಿ ಬಂತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಕಾರಣ ಹೇಳಿದ ಕೂಡಲೇ ಅರ್ಥವಾಯಿತು. ಐಡ್ಲಿಂಗ್‌ನಲ್ಲಿ ಥ್ರಾಟಲ್ (ಗಾಳಿ ಒಳಗೆ ಬಿಡುವ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಳಗೆ ನಿರ್ವಾತ ಜಾಸ್ತಿ, ಬೇಕಾದ ಗಾಳಿ ತೀರಾ ಕಡಿಮೆ. ಆಗ ಸೀಳಿನಿಂದ ನುಗ್ಗುವ ಗಾಳಿ ಪೆಟ್ರೋಲ್ ಮಿಶ್ರಣವನ್ನು ತೆಳು ಮಾಡುತ್ತದೆ, ಎಂಜಿನ್ ನಡುಗುತ್ತದೆ. ಓಡುವಾಗ ಹೇಗೂ ಬೇಕಾದಷ್ಟು ಗಾಳಿ ಒಳಗೆ ಹೋಗುತ್ತಿರುತ್ತದೆ, ಈ ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ. ನಿಂತಾಗ ಮಾತ್ರ ನಡುಗುವ ಗಾಡಿಗೆ ಈ ಪೈಪುಗಳನ್ನೇ ಮೊದಲು ನೋಡಬೇಕು ಅಲ್ವಾ? ಸ್ಕ್ರೂ ತಿರುಗಿಸಿದರೆ ತಪ್ಪು ಮುಚ್ಚಿಹೋಗುತ್ತದೆ, ಸರಿಯಾಗುವುದಿಲ್ಲ. ಪೆಟ್ರೋಲ್ ಕಾರಿನ ಎಮಿಷನ್ (ಹೊಗೆ) ಟೆಸ್ಟನ್ನು ಐಡ್ಲಿಂಗ್‌ನಲ್ಲೇ ಮಾಡುವುದರಿಂದ, ಇದು ನಮ್ಮೂರಿನ ಗಾಳಿಯ ವಿಷಯವೂ ಹೌದು.

ಹೊಸ ಪೈಪಿಗೆ 60 ರೂಪಾಯಿ, ಕೂಲಿ 200 ರೂಪಾಯಿ ಆಯಿತು. ಏರಿಸಿದ್ದ ಸ್ಕ್ರೂವನ್ನೂ ಅವರೇ ಇಳಿಸಿ ಕೊಟ್ಟರು.

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಗಾಡಿಗಳು ಇನ್ನೂ ಊರೂರಲ್ಲಿ ಓಡುತ್ತಿವೆ. ಕಾರ್ಬುರೇಟರ್ ಬಲ್ಲವರು ಮಾತ್ರ ವಯಸ್ಸಾಗಿ ಒಬ್ಬೊಬ್ಬರೇ ಅಂಗಡಿ ಮುಚ್ಚುತ್ತಿದ್ದಾರೆ. ತಿಂಗಳಿಗೊಮ್ಮೆಯಾದರೂ ಇಂಥವರನ್ನು ಮಾತನಾಡಿಸಿ, ಅವರ ಅನುಭವವನ್ನು ನಿಮ್ಮ ಪುಟದಲ್ಲಿ ಹಾಕಿ. ನಮ್ಮೂರಿನ ಆ ಮೆಕ್ಯಾನಿಕ್ ವಿಳಾಸ ಬೇಕಿದ್ದರೆ ನಾನು ಕೊಡುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ತಿಪಟೂರು