ಅಕ್ಕನಿಗೆ, ಪುಟ್ಟಿಯ ವಿಷಯವಾಗಿ

ಮಾಂಟ್‌ಗೊಮರಿ, ಅಲಬಾಮಾ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ಅಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ.

ಭಾವನ ಆಪರೇಷನ್ ವಿಚಾರವನ್ನು ಮಕ್ಕಳಿಂದ ಮುಚ್ಚಿಟ್ಟಿರುವುದಾಗಿಯೂ, ಪುಟ್ಟಿ ಮಾತ್ರ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿರಬಹುದೆಂದೂ ನೀನು ಬರೆದದ್ದನ್ನು ಓದಿದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ನಾನು ಕೊಟ್ಟ ಕಾದಂಬರಿಯನ್ನೂ ದೊಡ್ಡವರ ಪುಸ್ತಕವೆಂದು ಎತ್ತಿಟ್ಟಿದ್ದೀಯಂತೆ. ದಯವಿಟ್ಟು ಅದನ್ನು ಮೊದಲು ನೀನು ಓದಿ, ಆಮೇಲೆ ಅವಳ ಕೈಗೆ ಕೊಡು.

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ 1960ರಲ್ಲಿ ಬಂದದ್ದು. ಕಥೆ ನಡೆಯುವುದು 1930ರ ದಶಕದಲ್ಲಿ, ನಾನಿರುವ ಇದೇ ಅಲಬಾಮಾದಲ್ಲಿ. ಸುಳ್ಳು ಆರೋಪ ಹೊತ್ತ ಕರಿಯ ಕೂಲಿಯೊಬ್ಬನ ವಕೀಲನಾದ ಆಟಿಕಸ್, ಅವನನ್ನು ಕೊಲ್ಲಲು ಜನ ಬರಬಹುದೆಂದು ರಾತ್ರಿ ಜೈಲಿನ ಬಾಗಿಲಲ್ಲಿ ಪತ್ರಿಕೆ ಓದುತ್ತ ಕಾವಲು ಕೂರುತ್ತಾನೆ. ಆಟಿಕಸ್‌ನನ್ನು ಹುಡುಕಿ ಬಂದ ಅವನ ಮಕ್ಕಳು, ಕೊಲ್ಲಲು ಬಂದಿದ್ದ ಗುಂಪಿನ ನಡುವೆ ನುಗ್ಗಿದಾಗ, ಪತ್ರಿಕೆಯನ್ನು ನಿಧಾನವಾಗಿ ಮಡಿಸುವ ಅಪ್ಪನ ಬೆರಳುಗಳು ನಡುಗುವುದನ್ನು ಮಗಳು ಸ್ಕೌಟ್ ಕಾಣುತ್ತಾಳೆ. ಮನೆಗೆ ಹೋಗೆಂದು ಅಪ್ಪ ಮತ್ತೆ ಮತ್ತೆ ಹೇಳಿದರೂ ಮಗ ಜೆಮ್ ಕದಲುವುದಿಲ್ಲ. ಒಂಬತ್ತು ತುಂಬದ ಸ್ಕೌಟ್ ಗುಂಪಿನಲ್ಲಿದ್ದ ಸಹಪಾಠಿಯ ತಂದೆಯನ್ನು ಗುರುತಿಸಿ, ಆತನ ಆಸ್ತಿಯ ತಕರಾರು ಏನಾಯಿತೆಂದು ವಿಚಾರಿಸಿ, ಮಗನನ್ನು ಕೇಳಿದೆನೆಂದು ಹೇಳಿ ಎನ್ನುತ್ತಾಳೆ. ಆತ ಕುಕ್ಕರುಗಾಲಲ್ಲಿ ಕುಳಿತು ಅವಳ ಎರಡೂ ಭುಜ ಹಿಡಿದು, ಹಾಗೇ ಆಗಲೆಂದು ಎದ್ದು, ಜೊತೆಯವರನ್ನು ಕರೆದುಕೊಂಡು ಹೊರಟುಹೋಗುತ್ತಾನೆ. ಸ್ಕೌಟ್‌ಗೆ ಅಪಾಯದ ಅರಿವಿರಲಿಲ್ಲ; ಜೆಮ್ ಎಲ್ಲವನ್ನೂ ಅರಿತೇ ನಿಂತವನು. ನಮ್ಮ ಪುಟ್ಟಿ ಜೆಮ್‌ನಂಥವಳು, ಅಕ್ಕ.

ಇನ್ನೊಂದು ಪ್ರಸಂಗವಿದೆ. ಅಪ್ಪನನ್ನು ಹೀಯಾಳಿಸಿದ ಮುದುಕಿಯ ಹೂಗಿಡಗಳನ್ನು ಜೆಮ್ ಕತ್ತರಿಸಿ ಹಾಕಿದ್ದಕ್ಕೆ, ತಿಂಗಳ ಕಾಲ ಅವಳ ಹಾಸಿಗೆಯ ಬಳಿ ಕುಳಿತು ಪುಸ್ತಕ ಓದಿ ಹೇಳಬೇಕಾಗುತ್ತದೆ. ಅವಳ ನರಳಾಟ ನೋಡಿ ಹುಡುಗನಿಗೆ ಭಯ, ಹೇಸಿಗೆ ಎರಡೂ ಆಗುತ್ತವೆ. ಆದರೂ ಒಂದು ದಿನವೂ ತಪ್ಪಿಸುವುದಿಲ್ಲ, ಅವಳು ಕೇಳಿದಾಗ ಅಪ್ಪನ ಮಾತಿಗೆ ಮಣಿದು ಮತ್ತೊಂದು ವಾರವೂ ಹೋಗುತ್ತಾನೆ. ಸಾಯುವ ಮುನ್ನ ಮಾರ್ಫಿನ್ ಚಟದಿಂದ ಬಿಡುಗಡೆಯಾಗಲು ಅವಳು ಹೋರಾಡುತ್ತಿದ್ದಳೆಂಬುದನ್ನು ಆಮೇಲೆ ಅಪ್ಪನೇ ತಿಳಿಸುತ್ತಾನೆ. ಕಾಯಿಲೆಯವರ ಪಕ್ಕದಲ್ಲಿ ಮಗುವನ್ನು ಕೂರಿಸಿದ ಆ ತಂದೆಯನ್ನು ಕಠಿಣನೆಂದು ನಾನೂ ಒಮ್ಮೆ ಅಂದುಕೊಂಡಿದ್ದೆ, ಈಗ ಹಾಗನ್ನಿಸುವುದಿಲ್ಲ.

ಲೇಖಕಿಯ ಊರಾದ ಮನ್ರೋವಿಲ್‌ಗೆ ಮೊನ್ನೆ ಹೋಗಿದ್ದೆವು. ಹಳೆಯ ನ್ಯಾಯಾಲಯವೀಗ ವಸ್ತುಸಂಗ್ರಹಾಲಯವಾಗಿದೆ. ಪ್ರತಿವರ್ಷ ಊರಿನವರೇ ಅಲ್ಲಿ ಈ ಕಥೆಯನ್ನು ನಾಟಕವಾಡುತ್ತಾರೆ, ಪ್ರೇಕ್ಷಕರಿಂದಲೇ ಜ್ಯೂರಿಯನ್ನು ಆರಿಸಿ ಕೂರಿಸುತ್ತಾರೆ! ತಮ್ಮೂರಿನ ಕೆಟ್ಟ ಕಾಲವನ್ನು ತಾವೇ ಆಡಿ ತೋರಿಸುವ ಈ ಜನರ ಬಗ್ಗೆ ನನಗೆ ಗೌರವ ಮೂಡಿತು.

ಭಾವನ ವಿಷಯದಲ್ಲಿ ನೀನು ಖಂಡಿತ ಹೆದರಬೇಡ. ಇಂಥ ಆಪರೇಷನ್‌ಗಳು ಈಗ ದಿನನಿತ್ಯ ನಡೆಯುತ್ತವೆ, ಏನೂ ಆಗುವುದಿಲ್ಲ, ಏನೇನೂ ಆಗುವುದಿಲ್ಲ. ಹಣದ ಚಿಂತೆ ನನಗೆ ಬಿಡು. ಪುಟ್ಟಿಗೆ ಮಾತ್ರ ಈ ಸಂಜೆಯೇ ನಿಜ ಹೇಳಿ, ಭಾವನಿಗೆ ದಿನಪತ್ರಿಕೆ ಓದಿ ಹೇಳುವ ಕೆಲಸವನ್ನು ಅವಳಿಗೆ ವಹಿಸು.

ಅಂಚೆಗೆ ಹೊತ್ತಾಯಿತು. ಎಲ್ಲರಿಗೂ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಮ್ಮ