ಲೋ ಮಂಜ, ಜಾನ್ ಸೀನಾ ಸೋತ ಕಣೋ

ಲೋ ಮಂಜ,

ಇದನ್ನು ವಾಟ್ಸಾಪಲ್ಲಿ ನಿನಗೊಬ್ಬನಿಗೇ ಕಳಿಸಬಹುದಿತ್ತು. ಕಳಿಸಿದರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ಉತ್ತರ ಕೊಡಲೇಬೇಕು, ಅಲ್ವಾ? (ಉಳಿದವರಿಗೆ ನಮಸ್ಕಾರ. ಕೆಳಗೆ ಉಪ್ಪಿಟ್ಟು ಡ್ರೈವರ್ ಅಂತ ಬರುತ್ತದೆ. ಹಾಗಂದರೇನು ಅಂತ ಕೇಳಬೇಡಿ, ಹೇಳುವುದಿಲ್ಲ.)

2025ರ ಡಿಸೆಂಬರ್ 14ರ ಭಾನುವಾರ ಬೆಳಿಗ್ಗೆ ಮಗನನ್ನು ಎಬ್ಬಿಸಿ ಟಿವಿ ಮುಂದೆ ಕೂರಿಸಿದೆ. ವಾಷಿಂಗ್ಟನ್‌ನಲ್ಲಿ ಆಗಿನ್ನೂ ಶನಿವಾರ ರಾತ್ರಿ. ಡಬ್ಲ್ಯೂಡಬ್ಲ್ಯೂಇಯ ಜಾನ್ ಸೀನಾನ ಕೊನೆಯ ಕುಸ್ತಿ, ಎದುರಿಗೆ ಆಸ್ಟ್ರಿಯಾದ ಗುಂಥರ್. ನಮ್ಮವಳು ದೋಸೆ ಹುಯ್ಯುತ್ತಾ, "ಸುಳ್ಳು ಜಗಳ ನೋಡೋಕೆ ಮಗೂನ ಎಬ್ಬಿಸಿದ್ರಾ?" ಅಂದಳು. ಸುಳ್ಳು ಅಂತ ನಮಗೇನು ಗೊತ್ತಿಲ್ವಾ? ಇದು ಮನರಂಜನೆ, ಪಂದ್ಯ ಅಲ್ಲ ಅಂತ 1989ರಲ್ಲೇ ಆ ಕಂಪನಿಯವರೇ ನ್ಯೂಜೆರ್ಸಿ ಸರ್ಕಾರಕ್ಕೆ ಹೇಳಿಕೊಂಡಿದ್ದರು. ಆ ಸುದ್ದಿ ನಮ್ಮೂರಿಗೆ ಬರಲು ಹತ್ತು ವರ್ಷ ಹಿಡಿಯಿತು, ಅಷ್ಟೇ.

2025ರಲ್ಲಿ ನೀನು ನೋಡಿದೆಯೋ ಇಲ್ಲವೋ. ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೋಡಿ ರೋಡ್ಸ್‌ನನ್ನು ಸೋಲಿಸಿ ಸೀನಾ 17ನೇ ಸಲ ಚಾಂಪಿಯನ್ ಆದ. ಹಳೇ ಹುಲಿ ರಿಕ್ ಫ್ಲೇರ್‌ನ 16ರ ದಾಖಲೆ ದಾಟಿದ. ಅಲ್ಲಿಂದ ಇಳಿಜಾರು. ಆಗಸ್ಟ್‌ನಲ್ಲಿ ಅದೇ ಕೋಡಿಗೆ ಸೋತ. ಸೆಪ್ಟೆಂಬರ್‌ನಲ್ಲಿ ಬ್ರಾಕ್ ಲೆಸ್ನರ್ ಅವನನ್ನು ಗೋಣಿಚೀಲದ ಹಾಗೆ ಎತ್ತೆತ್ತಿ ಹಾಕಿದ. ನವೆಂಬರ್‌ನಲ್ಲಿ ಡೊಮಿನಿಕ್ ಮಿಸ್ಟೀರಿಯೊಗೂ ಸೋತ. ಹೌದು ಕಣೋ, ನಮ್ಮ ರೇ ಮಿಸ್ಟೀರಿಯೊ ಮಗ. ನಮಗೆ ಅಷ್ಟು ವಯಸ್ಸಾಗಿದೆ.

ಆ ಭಾನುವಾರ ಗುಂಥರ್ ಹಿಂದಿನಿಂದ ಕುತ್ತಿಗೆಗೆ ಕೈ ಸುತ್ತಿ ಹಿಡಿದ. ಸೀನಾ ಬಿಡಿಸಿಕೊಂಡ, ಗುಂಥರ್ ಮತ್ತೆ ಹಿಡಿದ. ಇಪ್ಪತ್ತು ವರ್ಷ 'ನೆವರ್ ಗಿವ್ ಅಪ್' ಅಂತ ಟೀ ಶರ್ಟ್ ಮೇಲೆ ಬರೆದು ಮಾರಿದ ಮನುಷ್ಯ ಒಂದು ಸಲ ನಕ್ಕ. ಆಮೇಲೆ ಕೈ ತಟ್ಟಿ ಸೋಲೊಪ್ಪಿಕೊಂಡ.

ಜನ ರೇಗಿಹೋದರು. ಇದನ್ನೆಲ್ಲ ನಡೆಸುವ ಟ್ರಿಪಲ್ ಎಚ್ ಹೊರಗೆ ಬಂದರೆ ಬೂ ಅಂತ ಕೂಗಿದರು. ನಾನೂ ಇಲ್ಲಿ ದೋಸೆ ತಟ್ಟೆ ಹಿಡಿದುಕೊಂಡೇ ಕೂಗಿದೆ. 23 ವರ್ಷ ದುಡಿದವನಿಗೆ ಕೊನೆಗೆ ಒಂದು ಗೆಲುವು ಕೊಟ್ಟರೆ ಇವರಪ್ಪನ ಗಂಟೇನು ಹೋಗುತ್ತಿತ್ತು? ಹೀಗೆ ಕೂಗಾಡುತ್ತಿದ್ದರೆ ಪಕ್ಕದಲ್ಲಿ ಮಗ ಕಣ್ಣರಳಿಸಿಕೊಂಡು, "ಗುಂಥರ್ ಸೂಪರ್ ಅಲ್ವಾಪ್ಪಾ?" ಅಂದ. ಹಿಂದಿನ ದಿನದವರೆಗೂ ಅವನಿಗೆ ಗುಂಥರ್ ಯಾರು ಅಂತಲೇ ಗೊತ್ತಿರಲಿಲ್ಲ. ಈಗ ಅವನ ಟೀ ಶರ್ಟ್ ಬೇಕಂತೆ.

ಆಗ ಹೊಳೆಯಿತು. ಸೀನಾನ ಕೆಲಸ ಮುಗಿದಿತ್ತು.

ಆ ಲೋಕದಲ್ಲಿ ಇದು ಹಳೇ ಪದ್ಧತಿ. ಹೋಗುವವನು ಉಳಿಯುವವನಿಗೆ ಸೋತು, ಅವನನ್ನು ದೊಡ್ಡವನು ಮಾಡಿ, ಮಲಗಿಕೊಂಡು ಹೋಗಬೇಕು. 2008ರಲ್ಲಿ ರಿಕ್ ಫ್ಲೇರ್ ಶಾನ್ ಮೈಕಲ್ಸ್ ಕೈಲಿ ಸೋತು ಹೊರಟ. 2010ರಲ್ಲಿ ಶಾನ್ ಮೈಕಲ್ಸ್ ಅಂಡರ್‌ಟೇಕರ್ ಕೈಲಿ ಸೋತು ಹೊರಟ. (ಇಬ್ಬರೂ ಆಮೇಲೆ ತಡೆಯಲಾರದೆ ಮತ್ತೆ ರಿಂಗ್ ಹತ್ತಿದರು, ಆ ಮಾತು ಬೇರೆ.) ಸೋಲುವುದಕ್ಕೆ ಅಲ್ಲಿ 'ಜಾಬ್ ಮಾಡೋದು' ಅಂತಾರೆ. ಏಟು ತಿಂದ ಹಾಗೆ ನರಳಿ ನಂಬಿಸುವುದಕ್ಕೆ 'ಸೆಲ್' ಮಾಡೋದು ಅಂತಾರೆ. ಗೆಲ್ಲುವವನು ಸುಮ್ನೆ ಕೈ ಎತ್ತಿ ನಿಂತರೆ ಸಾಕು. ಬೀಳುವವನಿಗೇ ವಿದ್ಯೆ ಬೇಕು. ಗಲ್ಲ ಎದೆಗೆ ಒತ್ತಬೇಕು, ಬೆನ್ನು ಪೂರ್ತಿ ಒಮ್ಮೆಗೇ ನೆಲಕ್ಕೆ ತಾಗಬೇಕು, ಕೈಯಲ್ಲಿ ನೆಲ ಬಡಿಯಬೇಕು.

ನಿನ್ನ ಕುಸ್ತಿಪಟುಗಳ ಕಾರ್ಡ್ ಕಟ್ಟಿನಲ್ಲಿ ಮಡಚಿಹೋಗಿದ್ದ ಆಂಡ್ರೆ ದಿ ಜಯಂಟ್ ನೆನಪಿದ್ದಾನಾ? 1987ರಲ್ಲಿ ಮಿಷಿಗನ್‌ನ ಪಾಂಟಿಯಾಕ್‌ನಲ್ಲಿ ಅವನನ್ನು ಹಲ್ಕ್ ಹೋಗನ್ ಎತ್ತಿ ಒಗೆದ. 2025ರ ಜುಲೈಯಲ್ಲಿ ಹೋಗನ್ ತೀರಿಕೊಂಡಾಗ ಎಲ್ಲ ಕಡೆ ಅದನ್ನೇ ತೋರಿಸಿದರು. ಹೋಗನ್‌ನ ತೋಳು ನೋಡಿ ನಾವು ಹುಚ್ಚರಾಗಿದ್ದೆವು. ಈ ಸಲ ನಾನು ಆಂಡ್ರೆಯನ್ನೇ ನೋಡಿದೆ. ಇನ್ನೂರು ಕಿಲೋ ದಾಟಿದ ಆಳು, ಬೆನ್ನು ಆಗಲೇ ಕೆಟ್ಟಿತ್ತು. ಅವನು ಒಪ್ಪದೆ ಅವನನ್ನು ಎತ್ತುವ ಗಂಡಸು ಹುಟ್ಟಿರಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಬರಬಾರದು ಅಂತಿದ್ದೆ.

ನಾನು ನಿನ್ನನ್ನು ಮರಳು ರಾಶಿ ಮೇಲೆ ನೂರು ಸಲ ಚೋಕ್‌ಸ್ಲ್ಯಾಮ್ ಮಾಡಿದ್ದೇನೆ, ಅಂದರೆ ಕುತ್ತಿಗೆ ಹಿಡಿದು ಮೇಲೆತ್ತಿ ಒಗೆದಿದ್ದೇನೆ. ನೀನು ನನಗಿಂತ ಹತ್ತು ಕಿಲೋ ಜಾಸ್ತಿ ಇದ್ದೆ. ನಾನು ಎತ್ತುತ್ತಿರಲಿಲ್ಲ ಕಣೋ, ನೀನು ನೆಗೆಯುತ್ತಿದ್ದೆ. ನನ್ನ ಮುಂಗೈ ಹಿಡಿದುಕೊಂಡು, ಸರಿಯಾದ ಹೊತ್ತಿಗೆ. ಅದು ನನಗೆ ಗೊತ್ತಾಗಿದ್ದು ನಲವತ್ತೆರಡನೇ ವಯಸ್ಸಿನಲ್ಲಿ, ದೋಸೆ ತಿನ್ನುತ್ತಾ.

ಆಗಲೇ ಗೊತ್ತಿದ್ದಿದ್ದರೆ ಎಂಟನೇ ಕ್ಲಾಸಲ್ಲಿ ಆ ಏಳನೇ ಕ್ಲಾಸ್ ಹುಡುಗನ ಕುತ್ತಿಗೆಗೆ ಕೈ ಹಾಕುತ್ತಿರಲಿಲ್ಲ. ಅವನಿಗೆ ನೆಗೆಯಲು ಬರುತ್ತಿರಲಿಲ್ಲ. ಪಕ್ಕಕ್ಕೆ ಬಿದ್ದ, ಭುಜದ ಮೂಳೆ ಮುರಿಯಿತು. "ಯಾವನೋ ಎತ್ತಿದ್ದು?" ಅಂತ ಮೇಷ್ಟ್ರು ಕೇಳಿದಾಗ ನಾನು ನನ್ನ ಕಾಲ್ಬೆರಳು ನೋಡುತ್ತಿದ್ದೆ. "ನಾನೇ ಸಾ" ಅಂದವನು ನೀನು. ಬೆತ್ತ ಮುರಿಯಿತು. ನಿಮ್ಮಪ್ಪ ಆ ಹುಡುಗನ ಮನೆಗೆ ಹೋಗಿ ಕೈ ಮುಗಿದರು, ಆಸ್ಪತ್ರೆ ದುಡ್ಡು ಕಟ್ಟಿದರು. ಜೂನ್‌ಗೆ ನಿನ್ನನ್ನು ತಿಪಟೂರಿಗೆ, ಸೋದರಮಾವನ ಮನೆಗೆ ಸಾಗಿಸಿದರು.

ನಿನ್ನ ಮದುವೆಯಲ್ಲಿ ನಾನು ಇದೇ ಕಥೆಯನ್ನು ತಮಾಷೆ ಮಾಡಿ ಹೇಳಿದೆ. ಎತ್ತಿದವನು ನೀನೇ ಅಂತಲೇ ಹೇಳಿದೆ. ನಿನ್ನ ಹೆಂಡತಿ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನೀನೂ ತಲೆ ಕೆರೆದುಕೊಂಡು ನಕ್ಕೆ. ಅದನ್ನೂ ಸೆಲ್ ಮಾಡಿದೆ.

ಇನ್ನೊಂದಿದೆ. ನೀನು ಬಸ್ ಹತ್ತಿದ ದಿನ ನನಗೆ ಅಳು ಬಂತು ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ಅಳು ಬರಲಿಲ್ಲ ಮಂಜ. ಹಗುರಾಯಿತು. ನಿಜ ಗೊತ್ತಿದ್ದ ಒಬ್ಬನೇ ಒಬ್ಬ ಊರು ಬಿಟ್ಟನಲ್ಲ ಅಂತ.

ಥೂ, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಸೀನಾ ಸೋತ, ಟ್ರಿಪಲ್ ಎಚ್ ಹಾಳಾಗಲಿ ಅಂತ ನಾಲ್ಕು ಸಾಲು ಬರೆದು ಎದ್ದುಬಿಡೋಣ ಅಂತಿದ್ದೆ. ಓದುತ್ತಿರುವ ಮಹನೀಯರು ದಯವಿಟ್ಟು ಕೆಳಗೆ 'ಕಣ್ಣು ಒದ್ದೆಯಾಯಿತು' ಅಂತ ಬರೆಯಬೇಡಿ. ಇವನು ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸಾಯುವವರೆಗೂ ಆಡಿಕೊಳ್ಳುತ್ತಾನೆ.

ಸಂಕ್ರಾಂತಿಗೆ ಬರುತ್ತೇನೆ. ಒಂದು ಸಲ ನೀನು ನನ್ನನ್ನು ಎತ್ತು. ನೆಗೆಯಲು ಆಗುವುದಿಲ್ಲ, ಡಿಸ್ಕ್ ಜರುಗಿದೆ. ಡಾಕ್ಟರು ಬಕೆಟ್ ಕೂಡ ಎತ್ತಬೇಡಿ ಅಂದಿದ್ದಾರೆ. ಆದ್ದರಿಂದ ಮೆತ್ತಗೆ, ಹಾಸಿಗೆ ಮೇಲೆ, ನಿಮ್ಮಮ್ಮ ನೋಡದ ಹೊತ್ತಿನಲ್ಲಿ. ಎಳ್ಳು ಬೆಲ್ಲ ಆಮೇಲೆ.

ಮತ್ತೆ, ಆ ಯೊಕೊಜುನಾ ಕಾರ್ಡ್ ನಾನು ತೆಗೆದುಕೊಂಡಿಲ್ಲ. ಅದು ನಿನ್ನ ತಂಗಿ ಕದ್ದಿದ್ದು. ಅದೊಂದಕ್ಕೆ ಬೇಕಾದರೆ ಆಣೆ ಮಾಡುತ್ತೇನೆ.

ಇತಿ ನಿನ್ನ,
ಉಪ್ಪಿಟ್ಟು ಡ್ರೈವರ್