ಡಯಾಲಿಸಿಸ್ ಪೇಶಂಟ್ ಜೊತಿಗಿ ಬರೋರನ್ನೂ ನೋಡ್ರಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಅಪ್ಪಗ 71 ವರ್ಷ, ಎರಡೂ ಕಿಡ್ನಿ ಹೋಗ್ಯಾವ, ಮಷಿನ್ ಹಚ್ಚಿ ರಕ್ತ ಸ್ವಚ್ಛ ಮಾಡಿಸ್ಬೇಕು, ಅದೇ ಡಯಾಲಿಸಿಸ್. ವಾರಕ್ಕ ಮೂರು ಸಲ ಆಳಂದ ತಾಲ್ಲೂಕಿನ ನಮ್ಮ ಊರಿಂದ ಕಲಬುರಗಿಗೆ ಡಯಾಲಿಸಿಸ್‌ಗೆ ಅವ್ವನೇ ಕರ್ಕೊಂಡು ಬರ್ತಾಳ, ಮಷಿನ್ ಮ್ಯಾಲ ನಾಲ್ಕು ತಾಸು ಅಂದ್ರೂ ಹೋಗಿ ಬರೋದ್ರಾಗ ಇಡೀ ದಿನ ಹೋಗ್ತದ. 2016ರಾಗ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಾಗ ಬಿಪಿಎಲ್ ಮಂದಿಗೆ ಡಯಾಲಿಸಿಸ್ ಫ್ರೀ ಅದ, ಅದು ದೊಡ್ಡ ಉಪಕಾರ, ಆದ್ರ ಜೊತಿಗಿ ಬರೋರ ಕೂಲಿ, ಊಟ, ನಿದ್ದಿ ಯಾರ ಲೆಕ್ಕಕ್ಕ ಬರ್ತದ?

ಬ್ಯಾಸಿಗ್ಯಾಗ ನಮ್ಮ ಕಡಿ ಬಿಸಿಲು 40 ಡಿಗ್ರಿ ದಾಟ್ತದ. ಆದ್ರ ಕಿಡ್ನಿ ಹೋದವರು ಜಾಸ್ತಿ ಕುಡಿದ್ರ ನೀರು ಮೈಯಾಗೇ ಉಳೀತದ, ಅದಕ್ಕ ಡಾಕ್ಟರ್ ಹೇಳಿದಷ್ಟೇ ನೀರು ಅವ್ವ ಮುಂಜಾನಿ ಬಾಟ್ಲಿಗೆ ಅಳತಿ ಮಾಡಿ ಹಾಕಿ ಇಡ್ತಾಳ, ಅದು ಮುಗಿದ್ರ ಮುಗೀತು, ಅಪ್ಪ ಇನ್ನೊಂದು ಗುಟುಕು ಕೊಡು ಅಂತ ಬೇಡ್ತಾರ, ಸಿಟ್ಟಿಗೆದ್ದು ಬೈತಾರ, ಆಕಿ ಅಡಗಿ ಮನ್ಯಾಗ ಹೋಗಿ ಅಳ್ತಾಳ. ಅವರ ಕಣ್ಮುಂದ ತಾನೂ ನೀರು ಕುಡ್ಯಲ್ಲ. ಕಾಯಿಪಲ್ಲೆ ಕುದಿಸಿ ನೀರು ಚೆಲ್ಲಿ ಅವರಿಗೆ ಬ್ಯಾರೆ ಅಡಗಿ, ರಾತ್ರಿ ದಮ್ಮು ಹತ್ತಿದ್ರ ಎಬ್ಬಿಸಿ ಕೂಡಿಸೋದು, ಎಲ್ಲಾ ಆಕಿನೇ. ಆಕಿಗೂ ಶುಗರ್ ಅದ್ರಿ, ಗುಳಗಿ ತಗೊಳ್ಳೋದೇ ಮರೀತಾಳ. ಹೋದ ತಿಂಗಳು ಆಸ್ಪತ್ರಿ ಕಾರಿಡಾರ್‌ನ್ಯಾಗ ತಲಿ ತಿರುಗಿ ಬಿದ್ಲು, ಕೂಡ್ಲಿಕ್ಕೆ ಒಂದು ಬೆಂಚ್ ಸೈತ ಇರ್ಲಿಲ್ಲ.

ಡಯಾಲಿಸಿಸ್ ಆಗೋ ಕಡಿ ಜೊತಿಗಿ ಬಂದವರಿಗೆ ಮಲಗಾಕ ಒಂದು ರೂಮ್ ಮಾಡ್ರಿ, ಆ ನಾಲ್ಕು ತಾಸಿನ್ಯಾಗೇ ಅವರ ಬಿಪಿ ಶುಗರ್ ಚೆಕ್ ಮಾಡ್ರಿ, ದೂರದ ಹಳ್ಳಿಯವರಿಗೆ ಬಸ್ ನೋಡಿ ಟೈಮ್ ಕೊಡ್ರಿ. ಆರೋಗ್ಯ ಇಲಾಖೆಯವರು ಇದನ್ನ ಓದ್ಲಿ ಅಂತ ಬರದೀನಿ.

– ಒಬ್ಬ ಮಗ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ